ಒದ್ದೆ ರಸ್ತೆಯ ವಿದ್ಯೆ

ಮೋಟಾರಿನ ಮೇಲೆ ಮೋಹವುಳ್ಳವರದು ಒಂದು ಪಂಗಡ. ನಾಯಿಯ ಮೇಲೆ ಮಮತೆಯುಳ್ಳವರದು ಇನ್ನೊಂದು ಪಂಗಡ. ಎರಡು ಪಂಗಡಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಎಂಜಿನ್ನಿನ ಸದ್ದನ್ನು ಕೇಳಿಯೇ ಅದರ ಆರೋಗ್ಯವನ್ನು ಹೇಳಬಲ್ಲ ಯುವಕರು ಪ್ರತಿಯೊಂದು ಹೋಬಳಿಯಲ್ಲಿಯೂ ಇದ್ದಾರೆ. ತಮ್ಮ ನಾಯಿಗೆ ಮಾತೊಂದು ಬಾರದೆ ಹೋಯಿತಲ್ಲ ಎಂದು ಮರುಗುವವರೂ ಇದ್ದಾರೆ. ಈ ಉಭಯ ಪಂಗಡದವರೂ ಸಮನಾಗಿ ಓದಿ ಸಂತೋಷಪಡಬಹುದಾದ ಇಂಗ್ಲಿಷ್ ಕಾದಂಬರಿಯೊಂದಿದೆ. ಅದು ಅಮೆರಿಕದ ಗಾರ್ತ್ ಸ್ಟೈನ್ ಎಂಬವರು ಬರೆದು ೨೦೦೮ರಲ್ಲಿ ಪ್ರಕಟವಾದ ‘ದಿ ಆರ್ಟ್ ಆಫ್ ರೇಸಿಂಗ್ ಇನ್ ದ ರೈನ್’. ಮಳೆಯಲ್ಲಿ ಪಂದ್ಯದ ಮೋಟಾರನ್ನು ಓಡಿಸುವ ಕಲೆ ಎಂದು ಅದರ ಅರ್ಥ.

ವಿಜ್ಞಾನದ ಮಾಸಪತ್ರಿಕೆಯಲ್ಲಿ ಕಾದಂಬರಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಪುಸ್ತಕದ ಹೆಸರಿನಲ್ಲಿಯೇ ಭೌತವಿಜ್ಞಾನದ ಪ್ರಶ್ನೆಯೊಂದು ಅಡಗಿದೆ: ಒಣ ರಸ್ತೆಯಲ್ಲಿ ನಿರಾಯಾಸವಾಗಿ ತಿರುಗುವ ಗಾಡಿ ಒದ್ದೆ ರಸ್ತೆಯಲ್ಲಿ ಏಕೆ ಜಾರುತ್ತದೆ? ಜಾರದಂತೆ ಅದನ್ನು ನಡೆಸುವವನು ಮಾಡುವುದೇನು? ಕಥೆಯನ್ನು ಹೇಳುವುದು ಒಂದು ನಾಯಿಯಾದ್ದರಿಂದ ಇನ್ನೊಂದು ಪ್ರಶ್ನೆಯೂ ಹುಟ್ಟುತ್ತದೆ: ನಾಯಿಗೆ ಈ ಜಗತ್ತು ಹೇಗೆ ತೋರುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ತಕ್ಕಮಟ್ಟಿಗೆ ತಿಳಿದು ಓದಿದರೆ ಪುಸ್ತಕದ ರುಚಿ ಇಮ್ಮಡಿಯಾಗುವುದು. ಅಷ್ಟೇ ಅಲ್ಲ, ಮೊದಲನೆಯ ಪ್ರಶ್ನೆಯ ಉತ್ತರ ನಮ್ಮ ಪ್ರಾಣಕ್ಕೆ ಸಂಬಂಧಿಸಿದ್ದು ಎಂಬುದನ್ನು ಈ ಲೇಖನದ ಕೊನೆಯಲ್ಲಿ ಕಾಣಬಹುದು.

ಕಥೆಯ ಸಾರ

ಕಥೆಯ ನಿರೂಪಕ ಎಂಜೊ ಎಂಬ ನಾಯಿ. ಇಟಲಿಯ ಸುಪ್ರಸಿದ್ಧ ಕಾರು ನಿರ್ಮಾಪಕ ಎಂಜೊ ಫೆರಾರಿಯ ಹೆಸರನ್ನು ಅದಕ್ಕಿಟ್ಟಿದ್ದಾರೆ. ಅದರ ಒಡೆಯ ಡೆನ್ನಿ ಸ್ವಿಫ್ಟ್ ಅಮೆರಿಕದ ಸಿಯಾಟಲ್ ನಗರದವನು. ಕಾರುಗಳ ಕಾರ್ಯಾಗಾರದಲ್ಲಿ ದುಡಿಯುತ್ತ, ಬಿಡುವಿನಲ್ಲಿ ಪಂದ್ಯಗಳಲ್ಲಿ ಕಾರು ಓಡಿಸಿ ಹೆಸರು ಗಳಿಸಬೇಕೆಂಬ ಹಂಬಲವುಳ್ಳವನು. ಅವನ ಹೆಂಡತಿ ಈವ್, ಪುಟ್ಟ ಮಗಳು ಜೋಯಿ. ಈವ್‌ಗೆ ಮಿದುಳಿನ ರೋಗ ತಗಲುತ್ತದೆ. ಅವಳು ತೀರಿಕೊಂಡ ಮೇಲೆ ಅವಳ ತಂದೆತಾಯಿಗಳು ಮೊಮ್ಮಗಳು ತಮ್ಮ ಬಳಿಯೇ ಇರಬೇಕೆಂದು ನ್ಯಾಯಾಲಯಕ್ಕೆ ಹೋಗುತ್ತಾರೆ. ಬಡವನಾದ ಅಳಿಯ ಒಂದು ಕಡೆ, ಹಣವಂತರಾದ ಅತ್ತೆಮಾವಂದಿರು ಇನ್ನೊಂದು ಕಡೆ. ಈ ಸಂಕಟವನ್ನೆಲ್ಲ ಮನೆಯ ಮೂಲೆಯಲ್ಲಿ ಮಲಗಿ ನೋಡುತ್ತಿರುವ ನಾಯಿ ತನಗೆ ಅರ್ಥವಾದಂತೆ ನಮಗೆ ಹೇಳುತ್ತದೆ. ಮುಪ್ಪಿನ ಎಂಜೊ ತನ್ನ ಬಾಳನ್ನು ನೆನೆಯುವಲ್ಲಿ ಪುಸ್ತಕ ಪ್ರಾರಂಭವಾಗುತ್ತದೆ. ಕೊನೆ ಏನಾಯಿತೆಂಬುದನ್ನು ಇಲ್ಲಿ ಹೇಳಿ ಓದುವವರ ಕುತೂಹಲವನ್ನು ಕೆಡಿಸುವುದು ಸಲ್ಲದು.

ಮಂಗೋಲಿಯ ದೇಶದವರ ನಂಬಿಕೆಯ ಪ್ರಕಾರ ಯೋಗ್ಯವಾದ ನಾಯಿ ಮುಂದಿನ ಜನ್ಮದಲ್ಲಿ ಮನುಷ್ಯನಾಗುವುದು ಎಂದು ಎಂಜೊ ಟೆಲಿವಿಷನ್ ನೋಡಿ ತಿಳಿಯುತ್ತದೆ. ಅದಕ್ಕಾಗಿ ಸಿದ್ಧತೆಯನ್ನೂ ಮಾಡಿಕೊಳ್ಳುತ್ತದೆ. ಪುನರ್ಜನ್ಮದ ಮಾತು ನಮಗೆ ಹೊಸದಲ್ಲವಾದ್ದರಿಂದ ಪಾಶ್ಚಾತ್ಯ ಓದುಗನಿಗಿಂತ ಕನ್ನಡಿಗನಿಗೆ ಈ ಭಾಗ ಹೆಚ್ಚು ಹತ್ತಿರವಾಗುವುದು. ಗ್ರಂಥಕರ್ತ ಸ್ಟೈನ್ ಕೂಡ ಹವ್ಯಾಸಿಗಳ ಪಂದ್ಯಗಳಲ್ಲಿ ಕಾರು ಓಡಿಸಿದವರು. ಮಳೆಯಲ್ಲಿ ಓಡಿಸುವಾಗಲೇ ಅಪಘಾತವನ್ನು ಅನುಭವಿಸಿದವರು. ಆದಕಾರಣ ಪಂದ್ಯದ ವರ್ಣನೆಗಳಲ್ಲಿ ಕೇಳಿ ಬರೆದ ಟೊಳ್ಳುತನವಿಲ್ಲ.

ಹಿಡಿತವೆಂದರೇನು?

ಕಾರು ಎಷ್ಟೇ ದೊಡ್ಡದಿರಲಿ, ಅದು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ. ಪ್ರತಿಯೊಂದು ಟೈರೂ ನೆಲಕ್ಕೆ ತಾಗುವ ಭಾಗ ಸುಮಾರು ಒಂದು ಅಂಗೈಯಷ್ಟು ಮಾತ್ರ. ದ್ವಿಚಕ್ರಿಗೆ ಅಂಥವು ಎರಡೇ, ಅವೂ ಇನ್ನೂ ಕಿರಿದು. ಗಾಡಿಯನ್ನು ಮುಂದೆ ತಳ್ಳುವುದು, ನಿಲ್ಲಿಸುವುದು, ತಿರುಗಿಸುವುದು ಈ ಮೂರೂ ಕೆಲಸಗಳು ಈ ಸಣ್ಣ ತಾಣಗಳ ಮೂಲಕವೇ ಆಗಬೇಕು.

ಇಲ್ಲಿ ಕೆಲಸ ಮಾಡುವ ಬಲಕ್ಕೆ ಘರ್ಷಣೆ ಎಂದು ಹೆಸರು. ರಸ್ತೆಯ ಮೈ ನುಣುಪಾಗಿ ಕಂಡರೂ ಅದರಲ್ಲಿ ಜಲ್ಲಿಯ ಸಣ್ಣ ಸಣ್ಣ ಏರುತಗ್ಗುಗಳಿರುತ್ತವೆ. ಮೆದುವಾದ ರಬ್ಬರು ಭಾರಕ್ಕೆ ಒತ್ತಲ್ಪಟ್ಟು ಈ ತಗ್ಗುಗಳೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಇದಲ್ಲದೆ ರಬ್ಬರಿನ ಅಣುಗಳಿಗೂ ಕಲ್ಲಿನ ಅಣುಗಳಿಗೂ ನಡುವೆ ಸ್ವಲ್ಪಮಟ್ಟಿನ ಅಂಟುವಿಕೆಯೂ ಉಂಟು. ಇವೆರಡೂ ಸೇರಿ ನಾವು ಹಿಡಿತವೆನ್ನುವುದು ಹುಟ್ಟುತ್ತದೆ. ಗಾಡಿಯ ತೂಕಕ್ಕೂ ಅತಿ ಹೆಚ್ಚೆಂದರೆ ದೊರೆಯಬಹುದಾದ ಘರ್ಷಣೆಗೂ ಇರುವ ಪ್ರಮಾಣವನ್ನು ಘರ್ಷಣಾಂಕವೆನ್ನುವರು. ಒಳ್ಳೆಯ ಟೈರು ಒಣಗಿದ ಡಾಂಬರಿನ ಮೇಲಿದ್ದಾಗ ಇದು ಸುಮಾರು ೦.೭ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಅದೇ ಡಾಂಬರು ನೆನೆದರೆ ೦.೪ರ ಆಸುಪಾಸಿಗೆ ಇಳಿಯಬಹುದು. ನೀರಿನ ತೆಳುಪದರ ರಬ್ಬರಿಗೂ ಕಲ್ಲಿಗೂ ನಡುವೆ ಬಂದು ಅಣುಗಳು ಪರಸ್ಪರ ಮುಟ್ಟದಂತೆ ಮಾಡುವುದೇ ಇದಕ್ಕೆ ಕಾರಣ.

ಎಲ್ಲಕ್ಕಿಂತ ಮೋಸದ್ದು ಬಹು ದಿನಗಳ ಬಿಸಿಲಿನ ಅನಂತರ ಬೀಳುವ ಮೊದಲ ಮಳೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಸೇರಿದ ಧೂಳು, ಸೋರಿದ ಎಣ್ಣೆ, ಸವೆದ ರಬ್ಬರಿನ ಪುಡಿ ಇವೆಲ್ಲವೂ ನಾಲ್ಕು ಹನಿ ನೀರಿನೊಡನೆ ಬೆರೆತು ಲೇಪದಂತಾಗುತ್ತವೆ. ಜಡಿಮಳೆ ಹೊಡೆದರೆ ಇದು ತೊಳೆದುಹೋದೀತು. ತುಂತುರು ಮಳೆಯಲ್ಲಿ ಹಾಗೆಯೇ ಉಳಿಯುತ್ತದೆ. ಆಗ ಘರ್ಷಣಾಂಕ ೦.೪ಕ್ಕಿಂತಲೂ ಕೆಳಗೆ ಬೀಳುವುದುಂಟು.

ಪಂದ್ಯದ ಚಾಲಕರು ಈ ತತ್ತ್ವವನ್ನು ಚೆನ್ನಾಗಿ ಬಲ್ಲರು. ಒಣ ದಿನಗಳಲ್ಲಿ ಎಲ್ಲ ಕಾರುಗಳೂ ಒಂದೇ ಜಾಡಿನಲ್ಲಿ ಓಡಿ ಅಲ್ಲಿ ರಬ್ಬರು ಬಳಿದಂತಾಗಿರುತ್ತದೆ. ಒಣಗಿದ್ದಾಗ ಅತ್ಯುತ್ತಮವಾದ ಆ ಜಾಡು ನೆನೆದಾಗ ಅತಿ ನುಣುಪು. ಆದ್ದರಿಂದ ಬಲ್ಲವರು ಮಳೆಯಲ್ಲಿ ಸಾಮಾನ್ಯ ಜಾಡನ್ನು ಬಿಟ್ಟು ಒರಟಾದ ನೆಲವನ್ನು ಹುಡುಕುತ್ತಾರೆ. ಕಾದಂಬರಿಯಲ್ಲಿ ಎಂಜೊ ಭಕ್ತಿಯಿಂದ ನೆನೆಯುವ ಬ್ರೆಜಿಲಿನ ಚಾಲಕ ಅಯರ್ಟನ್ ಸೆನ್ನ ಮಳೆಯ ಓಟದಲ್ಲಿ ಅಸಮಾನನೆನಿಸಿದ್ದವನು. ೧೯೯೩ರ ಏಪ್ರಿಲ್ ೧೧ರಂದು ಇಂಗ್ಲೆಂಡಿನ ಡಾನಿಂಗ್ಟನ್ ಪಾರ್ಕಿನಲ್ಲಿ ನಡೆದ ಪಂದ್ಯದಲ್ಲಿ ಅವನು ಪ್ರಾರಂಭದಲ್ಲಿ ಐದನೆಯ ಸ್ಥಾನಕ್ಕೆ ಕುಸಿದು, ಒದ್ದೆಯಾದ ದಾರಿಯಲ್ಲಿ ಮೊದಲನೆಯ ಸುತ್ತು ಮುಗಿಯುವುದರೊಳಗಾಗಿ ನಾಲ್ವರನ್ನೂ ಹಿಂದಿಕ್ಕಿ ಮುಂಚೂಣಿಗೆ ಬಂದನು. ಮುಂದಿನ ವರ್ಷವೇ, ೧೯೯೪ರ ಮೇ ೧ರಂದು, ಇಟಲಿಯ ಇಮೋಲದಲ್ಲಿ ಒಣಗಿದ ದಾರಿಯಲ್ಲಿ ನಡೆದ ಅಪಘಾತದಲ್ಲಿ ಅವನು ಮಡಿದನು.

ಹಿಡಿತದ ಬಂಡವಾಳ

ಘರ್ಷಣೆಯ ಬಗ್ಗೆ ಶಾಲೆಯಲ್ಲಿ ಕಲಿತವರೂ ಮರೆಯುವ ಸಂಗತಿಯೊಂದಿದೆ. ಟೈರಿನ ಹಿಡಿತ ಒಂದು ನಿಶ್ಚಿತ ಬಂಡವಾಳ. ಬ್ರೇಕು ಹಾಕಲು ಬೇರೆ, ತಿರುಗಲು ಬೇರೆ ಎಂದು ಎರಡು ಗಂಟುಗಳಿಲ್ಲ. ಇರುವುದು ಒಂದೇ ಗಂಟು. ಅದರಿಂದಲೇ ಎರಡು ಖರ್ಚೂ ನಡೆಯಬೇಕು.

ಈ ಲೆಕ್ಕವನ್ನು ಪೈಥಾಗೊರಸನ ಪ್ರಮೇಯದಿಂದ ಸುಲಭವಾಗಿ ತಿಳಿಯಬಹುದು. ಬ್ರೇಕಿನ ಬಲ ಗಾಡಿಯ ಉದ್ದಕ್ಕೆ, ತಿರುಗಿಸುವ ಬಲ ಅದರ ಅಡ್ಡಕ್ಕೆ. ಎರಡೂ ಒಂದಕ್ಕೊಂದು ಲಂಬ. ಅವೆರಡರ ವರ್ಗಗಳ ಮೊತ್ತ ಒಟ್ಟು ಹಿಡಿತದ ವರ್ಗವನ್ನು ಮೀರಕೂಡದು. ಒಟ್ಟು ಹಿಡಿತ ೧೦೦ ಎಂದಿಟ್ಟುಕೊಂಡರೆ, ೮೦ನ್ನು ಬ್ರೇಕಿಗೆ ವ್ಯಯಿಸಿದವನಿಗೆ ತಿರುಗಲು ೬೦ ಉಳಿಯುತ್ತದೆ. ಪೂರ್ತಿ ೧೦೦ನ್ನೂ ಬ್ರೇಕಿಗೆ ಹಾಕಿದವನಿಗೆ ತಿರುಗಲು ಉಳಿಯುವುದು ಸೊನ್ನೆ. ತಿರುವಿನ ನಡುವೆ ಗಾಬರಿಗೊಂಡು ಬ್ರೇಕನ್ನು ಒತ್ತಿ ಹಿಡಿದವನ ಗಾಡಿ ಹ್ಯಾಂಡಲನ್ನು ಎತ್ತ ತಿರುಗಿಸಿದರೂ ನೇರವಾಗಿಯೇ ಹೋಗಿ ಕಂದಕಕ್ಕೆ ಬೀಳುವುದರ ರಹಸ್ಯವಿದು. ಗಾಡಿ ಮಾತು ಕೇಳಲಿಲ್ಲವೆಂದು ಜನ ಹೇಳುತ್ತಾರೆ; ಕೇಳುವ ಶಕ್ತಿಯನ್ನೆಲ್ಲ ಸವಾರನೇ ಅದಾಗಲೇ ಖರ್ಚುಮಾಡಿರುತ್ತಾನೆ.

ಮಳೆ ಈ ಬಂಡವಾಳವನ್ನೇ ಕರಗಿಸುತ್ತದೆ. ನಲವತ್ತು ಮೀಟರ್ ತ್ರಿಜ್ಯವುಳ್ಳ, ಮಟ್ಟಸವಾದ ತಿರುವೊಂದನ್ನು ಊಹಿಸಿಕೊಳ್ಳಿ. ಘರ್ಷಣಾಂಕ, ಗುರುತ್ವದ ವೇಗೋತ್ಕರ್ಷ, ತ್ರಿಜ್ಯ ಇವು ಮೂರರ ಗುಣಲಬ್ಧದ ವರ್ಗಮೂಲವೇ ಆ ತಿರುವಿನಲ್ಲಿ ಸಾಧ್ಯವಾದ ಪರಮಾವಧಿ ವೇಗ. ಒಣ ರಸ್ತೆಯಲ್ಲಿ ಇದು ಗಂಟೆಗೆ ಸುಮಾರು ೬೦ ಕಿಲೋಮೀಟರ್, ಒದ್ದೆ ರಸ್ತೆಯಲ್ಲಿ ೪೫, ಘರ್ಷಣಾಂಕ ೦.೨೫ಕ್ಕೆ ಇಳಿದ ಕೆಸರು ಅಥವಾ ಎಣ್ಣೆಯ ರಸ್ತೆಯಲ್ಲಿ ೩೫. ನಿನ್ನೆ ಇದೇ ತಿರುವಿನಲ್ಲಿ ಐವತ್ತರಲ್ಲಿ ಬಂದೆನಲ್ಲ ಎಂಬ ಧೈರ್ಯಕ್ಕೆ ಇಂದು ಆಧಾರವಿಲ್ಲ. ಈ ಲೆಕ್ಕದಲ್ಲಿ ಗಾಡಿಯ ತೂಕ ಬರುವುದಿಲ್ಲವೆಂಬುದನ್ನೂ ವಾಚಕರು ಗಮನಿಸಬೇಕು. ಭಾರವಾದ ಗಾಡಿ ರಸ್ತೆಯನ್ನು ಹೆಚ್ಚು ಕಚ್ಚುತ್ತದೆಂಬುದು ನಿಜ. ಆದರೆ ಅದನ್ನು ತಿರುಗಿಸಲು ಬೇಕಾದ ಬಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚು.

ಉರುಳುವ ಚಕ್ರಕ್ಕೆ ಇರುವ ಹಿಡಿತ ಉರುಳುವುದನ್ನು ನಿಲ್ಲಿಸಿ ಜಾರುತ್ತಿರುವ ಚಕ್ರಕ್ಕೆ ಇರುವುದಿಲ್ಲ. ಬ್ರೇಕು ಅತಿಯಾಗಿ ಬಿದ್ದಾಗ ಚಕ್ರ ಕಟ್ಟಿಕೊಂಡು ಜಾರದಂತೆ, ಬ್ರೇಕನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಹಿಡಿಯುವ ಸಾಧನ ಈಗ ಬಂದಿದೆ, ಎ.ಬಿ.ಎಸ್. ಎಂದು ಅದರ ಹೆಸರು. ನಮ್ಮ ದೇಶದಲ್ಲಿ ೧೨೫ ಸಿ.ಸಿ.ಗೆ ಮೀರಿದ ಎಂಜಿನ್ನುಳ್ಳ ಎಲ್ಲ ಹೊಸ ದ್ವಿಚಕ್ರಿಗಳಿಗೂ ಇದು ೨೦೧೯ರ ಏಪ್ರಿಲಿನಿಂದ ಕಡ್ಡಾಯವಾಯಿತು. ಒಳ್ಳೆಯ ಸಾಧನವೇ ಸರಿ. ಆದರೆ ಇರುವ ಹಿಡಿತವನ್ನು ಅದು ಜಾಣತನದಿಂದ ಬಳಸುವುದೇ ಹೊರತು, ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು.

ಚಕ್ರ ತೇಲುವಾಗ

ಟೈರಿನ ಮೇಲೆ ಕೊರೆದ ಗೆರೆಗಳು ಅಲಂಕಾರಕ್ಕಲ್ಲ. ಚಕ್ರದ ಅಡಿಗೆ ಸಿಕ್ಕ ನೀರಿಗೆ ಅವು ಕಾಲುವೆಗಳು. ಮಳೆ ಬಂದಾಗ ಪಂದ್ಯದ ಕಾರುಗಳು ನುಣ್ಣನೆಯ ಟೈರುಗಳನ್ನು ಕಳಚಿ ಗೆರೆಯುಳ್ಳವನ್ನು ತೊಡುವುದು ಇದಕ್ಕಾಗಿಯೇ. ಫಾರ್ಮುಲಾ ಒನ್ ಕಾರಿನ ಮಳೆಯ ಟೈರೊಂದು ಗಂಟೆಗೆ ೩೦೦ ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ೮೫ ಲೀಟರ್ ನೀರನ್ನು ಪಕ್ಕಕ್ಕೆ ಚೆಲ್ಲಬಲ್ಲದು. ನಾಲ್ಕೈದು ಕೊಡ ನೀರನ್ನು ಒಂದೇ ಸೆಕೆಂಡಿನಲ್ಲಿ ಎರಚಿದಂತಾಯಿತು.

ನೀರು ಪಕ್ಕಕ್ಕೆ ಸರಿಯಲು ವ್ಯವಧಾನ ಸಾಲದಷ್ಟು ವೇಗವಾಗಿ ಚಕ್ರ ಬಂದರೆ ಏನಾಗುವುದು? ಟೈರಿನ ಮುಂದೆ ನೀರು ಬೆಣೆಯಂತೆ ಸೇರಿ, ಅದರ ಒತ್ತಡ ಟೈರಿನೊಳಗಿನ ಗಾಳಿಯ ಒತ್ತಡವನ್ನು ಸಮಗಟ್ಟಿದಾಗ ಚಕ್ರ ನೆಲವನ್ನು ಬಿಟ್ಟು ನೀರಿನ ಮೇಲೆ ತೇಲತೊಡಗುತ್ತದೆ. ಆಗ ಬ್ರೇಕೂ ಇಲ್ಲ, ತಿರುವೂ ಇಲ್ಲ. ೧೯೬೦ರ ದಶಕದ ಆದಿಯಲ್ಲಿ ಅಮೆರಿಕದ ನಾಸಾ ಸಂಸ್ಥೆಯಲ್ಲಿ ವಾಲ್ಟರ್ ಹಾರ್ನ್ ಮತ್ತು ಅವರ ಸಹೋದ್ಯೋಗಿಗಳು ವಿಮಾನದ ಚಕ್ರಗಳ ಮೇಲೆ ಪ್ರಯೋಗ ನಡೆಸಿ ಇದಕ್ಕೊಂದು ಸರಳ ಸೂತ್ರವನ್ನು ಕಂಡುಹಿಡಿದರು. ಪಂಕ್ಚರ್ ಅಂಗಡಿಯಲ್ಲಿ ಹೇಳುವಂತೆ ಗಾಳಿಯನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆದು, ಆ ಸಂಖ್ಯೆಯ ವರ್ಗಮೂಲವನ್ನು ಸುಮಾರು ೧೬.೭ರಿಂದ ಗುಣಿಸಿದರೆ, ನಿಂತ ನೀರಿನಲ್ಲಿ ಗೆರೆ ಸವೆದ ಟೈರು ತೇಲತೊಡಗುವ ವೇಗ ಗಂಟೆಗೆ ಕಿಲೋಮೀಟರುಗಳಲ್ಲಿ ದೊರೆಯುವುದು. ೩೦ ಪೌಂಡು ಗಾಳಿಯಿದ್ದರೆ ಈ ವೇಗ ಸುಮಾರು ೯೧. ಗಾಳಿ ಇಳಿದು ೨೦ ಪೌಂಡಾಗಿದ್ದರೆ ಸುಮಾರು ೭೫. ಬೋಳು ಟೈರಿನಲ್ಲಿ, ಗಾಳಿಯೂ ಕಡಮೆಯಿರುವಾಗ, ನೀರು ನಿಂತ ರಸ್ತೆಯಲ್ಲಿ ಕಾರನ್ನು ಓಡಿಸುವವನು ಎಷ್ಟು ಬೇಗ ದೋಣಿಯವನಾಗುತ್ತಾನೆಂಬುದು ಇದರಿಂದ ಸ್ಪಷ್ಟ. ದ್ವಿಚಕ್ರಿಯ ಕಿರಿದಾದ ದುಂಡು ಟೈರು ನೀರನ್ನು ಸೀಳಿಕೊಂಡು ಹೋಗುವುದರಿಂದ ಅದಕ್ಕೆ ತೇಲುವ ಅಪಾಯ ಕಡಮೆ, ಜಾರುವ ಅಪಾಯವೇ ಹೆಚ್ಚು.

ಕಣ್ಣು ಹೋದತ್ತ ಗಾಡಿ

ಕಾದಂಬರಿಯಲ್ಲಿ ಡೆನ್ನಿ ಮತ್ತೆಮತ್ತೆ ಹೇಳುವ ತತ್ತ್ವವೊಂದಿದೆ: ಚಾಲಕನ ದೃಷ್ಟಿ ಎತ್ತಲೋ ಗಾಡಿಯೂ ಅತ್ತಲೇ. ಜಾರಿದಾಗ ಎದುರಿನ ಗೋಡೆಯನ್ನು ದಿಟ್ಟಿಸಿದವನು ಗೋಡೆಗೇ ಹೋಗಿ ಬಡಿಯುತ್ತಾನೆ. ತಪ್ಪಿಸಿಕೊಳ್ಳುವ ದಾರಿಯನ್ನು ನೋಡಿದವನು ದಾರಿಗೆ ಬರುತ್ತಾನೆ. ಇದು ಬರಿಯ ವೇದಾಂತವಲ್ಲ. ಬ್ರಿಟನ್ನಿನ ಮೈಕೇಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಎಂಬ ವಿಜ್ಞಾನಿಗಳು ಕಾರು ನಡೆಸುವವರ ಕಣ್ಣಿನ ಚಲನೆಯನ್ನು ದಾಖಲಿಸಿ ೧೯೯೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಿರುವು ಬಂದಾಗ ಚಾಲಕರ ಕಣ್ಣು ಗಾಡಿ ತಿರುಗುವುದಕ್ಕೆ ಒಂದೆರಡು ಸೆಕೆಂಡು ಮೊದಲೇ ತಿರುವಿನ ಒಳಬದಿಯ ಅಂಚಿನ ಮೇಲೆ ನೆಡುತ್ತದೆಂದೂ, ಕೈ ಅದನ್ನು ಅನುಸರಿಸುತ್ತದೆಂದೂ ಅವರು ತೋರಿಸಿದರು. ಕಣ್ಣು ಮುಂದಾಳು, ಕೈ ಹಿಂಬಾಲಕ.

ಡೆನ್ನಿಯ ಇನ್ನೊಂದು ತತ್ತ್ವ ಇದಕ್ಕಿಂತ ಸೂಕ್ಷ್ಮವಾದುದು. ಒದ್ದೆ ದಾರಿಯಲ್ಲಿ ಗಾಡಿ ತಾನಾಗಿ ಜಾರುವವರೆಗೆ ಕಾಯಬಾರದು; ಅದು ಏನು ಮಾಡೀತೆಂಬುದನ್ನು ಮೊದಲೇ ತಾನಾಗಿ ಮಾಡಿಸಿ ನೋಡಬೇಕು. ಅನಿರೀಕ್ಷಿತವಾದ ಜಾರುವಿಕೆಗೆ ಉತ್ತರ ಕೊಡಲು ಮನುಷ್ಯನಿಗೆ ಸೆಕೆಂಡಿನಷ್ಟು ಕಾಲ ಬೇಕು. ನಿರೀಕ್ಷಿಸಿದ್ದಕ್ಕೆ ಅದಕ್ಕಿಂತ ಎಷ್ಟೋ ಕಡಮೆ ಸಾಕು. ಪ್ರಯೋಗಶಾಲೆಯಲ್ಲಿ ಸೂಕ್ಷ್ಮ ಉಪಕರಣವನ್ನು ಬಳಸುವ ಮುನ್ನ ಅದನ್ನು ಪರೀಕ್ಷಿಸಿಕೊಳ್ಳುವ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಸಾಮಾನ್ಯ ಸವಾರ ಪಂದ್ಯದವನಂತೆ ಗಾಡಿಯನ್ನು ಜಾರಿಸಿ ನೋಡಬೇಕಾಗಿಲ್ಲ. ಮಳೆ ಪ್ರಾರಂಭವಾದೊಡನೆ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ನಿಧಾನವಾಗಿ ಹೋಗುತ್ತ ಮೆಲ್ಲಗೆ ಬ್ರೇಕನ್ನು ಮುಟ್ಟಿ ನೋಡಿದರೆ ಸಾಕು.

ನಾಯಿಯ ಪ್ರಪಂಚ

ಇನ್ನು ನಿರೂಪಕನ ಕಡೆಗೆ ಬರೋಣ. ಟೆಲಿವಿಷನ್ನಿನ ಮುಂದೆ ಕುಳಿತು ಹಳೆಯ ಪಂದ್ಯಗಳನ್ನು ನೋಡುವುದು ಎಂಜೊಗೆ ಪ್ರಿಯವಾದ ಕೆಲಸ. ನಿಜವಾದ ನಾಯಿಗೆ ಅಲ್ಲಿ ಏನು ಕಂಡೀತು? ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನು ಗುರುತಿಸುವ ಕೋಶಗಳು ಮೂರು ಬಗೆ. ನಾಯಿಯಲ್ಲಿ ಎರಡೇ ಬಗೆ. ನೀಲಿ ಮತ್ತು ಹಳದಿಯನ್ನು ಅದು ಪ್ರತ್ಯೇಕಿಸಬಲ್ಲದು. ಕೆಂಪು ಮತ್ತು ಹಸಿರನ್ನು ಪ್ರತ್ಯೇಕಿಸಲಾರದು. ಫೆರಾರಿಯ ಹೆಸರನ್ನೇ ಹೊತ್ತ ನಾಯಿಗೆ ಫೆರಾರಿಯ ಜಗತ್ಪ್ರಸಿದ್ಧವಾದ ಕೆಂಪು ಮಂಕಾದ ಕಂದು ಛಾಯೆಯಾಗಿ ಮಾತ್ರ ತೋರೀತು! ಇನ್ನೊಂದು ತೊಡಕೂ ಇದೆ. ಮಿನುಗುವ ಬೆಳಕು ಸೆಕೆಂಡಿಗೆ ಸುಮಾರು ೬೦ ಸಲ ಮಿನುಗಿದರೆ ನಮಗೆ ಅದು ಎಡೆಬಿಡದ ಬೆಳಕಾಗಿ ಕಾಣುತ್ತದೆ. ನಾಯಿಗೆ ಹಾಗೆ ಕಾಣಬೇಕಾದರೆ ೭೦ರಿಂದ ೮೦ ಸಲ ಮಿನುಗಬೇಕು. ಹಳೆಯ ಕೊಳವೆಯ ಟೆಲಿವಿಷನ್ ಅಮೆರಿಕದಲ್ಲಿ ೬೦ ಸಲ, ನಮ್ಮಲ್ಲಿ ೫೦ ಸಲ ಮಿನುಗುತ್ತಿತ್ತು. ಆದಕಾರಣ ನಮಗೆ ಚಲಿಸುವ ಚಿತ್ರವಾಗಿ ಕಂಡದ್ದು ನಾಯಿಗೆ ನಡುಗುವ ಬೆಳಕಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಈಗಿನ ಚಪ್ಪಟೆ ಪರದೆಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ನೋಟದಲ್ಲಿ ಕಳೆದುಕೊಂಡದ್ದನ್ನು ನಾಯಿ ಕಿವಿ ಮೂಗುಗಳಲ್ಲಿ ಬಡ್ಡಿಸಹಿತ ಪಡೆದಿದೆ. ಸೆಕೆಂಡಿಗೆ ೨೦,೦೦೦ ಕಂಪನಗಳಾಚೆಗಿನ ಶಬ್ದ ನಮಗೆ ಕೇಳದು. ನಾಯಿಗೆ ೪೫,೦೦೦ದವರೆಗೂ ಕೇಳುತ್ತದೆ. ವಾಸನೆಯನ್ನು ಗ್ರಹಿಸುವ ಕೋಶಗಳು ನಮ್ಮ ಮೂಗಿನಲ್ಲಿ ಸುಮಾರು ಐವತ್ತು ಅರುವತ್ತು ಲಕ್ಷವಿದ್ದರೆ ನಾಯಿಯ ಮೂಗಿನಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು. ಕಾದಂಬರಿಯಲ್ಲಿ ಈವ್‌ಳ ರೋಗವನ್ನು ವೈದ್ಯರಿಗಿಂತ ಮೊದಲು ಎಂಜೊ ಮೂಗಿನಿಂದಲೇ ಅರಿಯುತ್ತದೆ. ಹೇಳಲು ನಾಲಗೆಯಿಲ್ಲದೆ ಒದ್ದಾಡುತ್ತದೆ. ಇದು ಕೇವಲ ಕಲ್ಪನೆಯೆ? ೨೦೦೪ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತರಬೇತಿ ಪಡೆದ ನಾಯಿಗಳು ಮೂತ್ರದ ಏಳು ಮಾದರಿಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ರೋಗಿಯದನ್ನು ನೂರಕ್ಕೆ ೪೧ ಸಲ ಸರಿಯಾಗಿ ಆರಿಸಿದವು, ಬರಿಯ ಅದೃಷ್ಟದಿಂದ ಆರಿಸಿದ್ದರೆ ೧೪ ಸಲ ಮಾತ್ರ ಸರಿಯಾಗುತ್ತಿತ್ತು. ತರಬೇತಿಯಿಲ್ಲದ ಮನೆಯ ನಾಯಿ ತಲೆಯೊಳಗಿನ ಗಂಟನ್ನು ಮೂಸಿ ಅರಿಯುವುದು ಇದಕ್ಕಿಂತ ಬಹಳ ಮುಂದಿನ ಮಾತು. ಗ್ರಂಥಕರ್ತರು ಅಷ್ಟರಮಟ್ಟಿಗೆ ಜಿಗಿದಿದ್ದಾರೆ. ಆದರೆ ಜಿಗಿದದ್ದು ಗಟ್ಟಿಯಾದ ನೆಲದ ಮೇಲೆ ಕಾಲೂರಿಯೇ.

ಕನ್ನಡಿಗನಿಗೆ ಇದರಲ್ಲೇನಿದೆ?

ನಾಯಿಯ ನಿಷ್ಠೆಯನ್ನು ಕನ್ನಡಿಗರು ಕಾದಂಬರಿ ಓದಿ ಕಲಿಯಬೇಕಾಗಿಲ್ಲ. ಕನಕಪುರಕ್ಕೆ ಪಶ್ಚಿಮದಲ್ಲಿರುವ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಿಲಾಶಾಸನವೊಂದು ದೊರಕಿತು; ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಬಹುಮಾನವಾಗಿ ಬೇಡಿದ್ದು ಹೊನ್ನನ್ನಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದರೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು. ನಮ್ಮ ಕಾಲಕ್ಕೆ ಬಂದರೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ‘ಕಿವಿ’ ಎಂಬ ನಾಯಿಯನ್ನು ಮರೆತವರುಂಟೆ? ೨೦೨೨ರಲ್ಲಿ ತೆರೆಕಂಡ ‘೭೭೭ ಚಾರ್ಲಿ’ ಚಲನಚಿತ್ರದಲ್ಲಿ ಒಂಟಿ ಮನುಷ್ಯನೊಬ್ಬ ರೋಗಪೀಡಿತವಾದ ತನ್ನ ನಾಯಿಯನ್ನು ಮೋಟಾರು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹಿಮವನ್ನು ತೋರಿಸಲು ಹೊರಡುತ್ತಾನೆ. ಅದನ್ನು ಮೆಚ್ಚಿದವರು ಎಂಜೊವನ್ನೂ ಮೆಚ್ಚದೆ ಇರಲಾರರು.

ಮೋಟಾರು ಪಂದ್ಯವೂ ಈಗ ನಮಗೆ ದೂರದ್ದಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ ೨೦೧೫ರಲ್ಲಿ ಡಕಾರ್ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಕುಶ್ ಮೈನಿ ೨೦೨೫ರ ಮೇ ತಿಂಗಳಿನಲ್ಲಿ ಮೊನಾಕೊ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ಫಾರ್ಮುಲಾ ಟೂ ವರ್ಗದ ಪಂದ್ಯವೊಂದನ್ನು ಗೆದ್ದರು.

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಅತ್ತೆಮಾವಂದಿರ ಚಿತ್ರಣ ಒಂದೇ ಬಣ್ಣದ್ದು. ಕೆಡುಕಿನ ಹೊರತು ಅವರಲ್ಲಿ ಬೇರೇನೂ ಕಾಣದು. ಮೊಮ್ಮಗಳನ್ನು ಬಯಸಿದ ಮುದುಕರ ದುಃಖವೂ ದುಃಖವೇ ಅಲ್ಲವೆ? ನಾಯಕನ ಮೇಲೆ ಒಂದರ ಮೇಲೊಂದಾಗಿ ಕಷ್ಟಗಳನ್ನು ಹೇರಿ ಕಣ್ಣೀರನ್ನು ಬಲವಂತವಾಗಿ ತರಿಸುವ ಕಡೆಗಳೂ ಇವೆ. ೨೦೧೯ರಲ್ಲಿ ಬಂದ ಇದೇ ಹೆಸರಿನ ಚಲನಚಿತ್ರವನ್ನು ಮೊದಲು ನೋಡುವುದಕ್ಕಿಂತ ಪುಸ್ತಕವನ್ನು ಮೊದಲು ಓದುವುದು ಮೇಲು. ನಾಯಿಯ ಮನಸ್ಸಿನ ಒಳಗಿನಿಂದ ಲೋಕವನ್ನು ನೋಡುವ ಸುಖ ಅಕ್ಷರದಲ್ಲಿ ಸಿಗುವಷ್ಟು ಪರದೆಯಲ್ಲಿ ಸಿಗದು. ಇಂಗ್ಲಿಷು ಸರಳವಾಗಿದೆ, ಕಾಲೇಜಿನ ವಿದ್ಯಾರ್ಥಿಗಳು ನಿಘಂಟಿನ ಸಹಾಯವಿಲ್ಲದೆ ಬಹುಪಾಲನ್ನು ಓದಬಲ್ಲರು.

ನಾಯಿ ರಸ್ತೆಗೆ ಅಡ್ಡಬಂದಾಗ

ಕಾದಂಬರಿಯಲ್ಲಿ ನಾಯಿ ಮೋಟಾರಿನ ಒಳಗಿದೆ. ನಮ್ಮ ರಸ್ತೆಗಳಲ್ಲಿ ಅದು ಸಾಮಾನ್ಯವಾಗಿ ಮೋಟಾರಿನ ಎದುರಿಗಿರುತ್ತದೆ. ಈ ಪುಸ್ತಕವನ್ನು ಓದಿದವನಿಗೆ ಆ ಸಂದರ್ಭದಲ್ಲಿ ಅದರ ಪಾಠ ನೆನಪಿಗೆ ಬರಬೇಕು.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಕಡೆಯ ರಸ್ತೆಗಳನ್ನು ನೋಡಿದವರಿಗೆ ಸನ್ನಿವೇಶವನ್ನು ವಿವರಿಸಬೇಕಾಗಿಲ್ಲ. ಗುಡ್ಡಗಳ ನಡುವೆ ಏರಿ ಇಳಿಯುವ ದಾರಿ; ಊರು ಬಂದ ಕಡೆ ರಸ್ತೆಯ ಅಂಚಿಗೇ ಮನೆ, ಮನೆಯ ಮುಂದೆ ನಾಯಿ. ಬೆಳಕು ಹರಿಯುವ ಮುನ್ನ ರೇಷ್ಮೆಗೂಡಿನ ಚೀಲವನ್ನು ಹಿಂದೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟ ರೈತ ಒಂದು ಕಡೆ. ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮಕ್ಕೂ ಮೇಕೆದಾಟಿಗೂ ರಜೆಯ ದಿನ ಬೆಂಗಳೂರಿನಿಂದ ವೇಗವಾಗಿ ಬರುವ ಯುವಕರು ಇನ್ನೊಂದು ಕಡೆ. ಸುಗ್ಗಿಯ ಕಾಲದಲ್ಲಿ ರಾಗಿ ಹುರುಳಿಗಳನ್ನು ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡುವುದೂ ಉಂಟು. ಹುಲ್ಲು ಹೊಟ್ಟುಗಳ ಮೇಲೆ ಒಂದು ಸೋನೆ ಬಿದ್ದರೆ ಹಿಡಿತದ ಬಂಡವಾಳ ಎಷ್ಟು ಉಳಿದೀತೆಂಬುದನ್ನು ವಾಚಕರೇ ಊಹಿಸಬಹುದು.

ಇಂಥ ರಸ್ತೆಯಲ್ಲಿ ಮಳೆಯ ಸಂಜೆ ನಾಯಿಯೊಂದು ತಟ್ಟನೆ ಅಡ್ಡಬಂದಿತೆನ್ನಿ. ಕಂಡದ್ದನ್ನು ಅರಿತು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡು ಹಿಡಿಯುತ್ತದೆಂದು ಎಣಿಸೋಣ. ಗಂಟೆಗೆ ೬೦ ಕಿಲೋಮೀಟರ್ ವೇಗದ ಗಾಡಿ ಆ ಒಂದು ಸೆಕೆಂಡಿನಲ್ಲಿಯೇ ೧೭ ಮೀಟರ್ ದಾಟಿರುತ್ತದೆ. ಆಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ೨೦ ಮೀಟರ್, ಒದ್ದೆ ರಸ್ತೆಯಲ್ಲಿ ೩೫ ಮೀಟರ್ ಬೇಕು. ಒಟ್ಟು, ಒಣಗಿದ್ದರೆ ೩೭ ಮೀಟರ್, ನೆನೆದಿದ್ದರೆ ೫೨. ವೇಗ ೪೦ ಕಿಲೋಮೀಟರ್ ಆಗಿದ್ದರೆ ಒದ್ದೆ ರಸ್ತೆಯಲ್ಲಿಯೂ ೨೭ ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ಅಂದರೆ ಮಳೆಯಲ್ಲಿ ನಲವತ್ತರಲ್ಲಿ ಹೋಗುವವನು ಬಿಸಿಲಿನಲ್ಲಿ ಅರುವತ್ತರಲ್ಲಿ ಹೋಗುವವನಿಗಿಂತ ಸುರಕ್ಷಿತ.

ಇದಕ್ಕಿಂತ ಗಂಭೀರವಾದ ಫಲಿತಾಂಶ ಮುಂದಿದೆ. ಒದ್ದೆ ರಸ್ತೆಯಲ್ಲಿ ಇಬ್ಬರು ಸವಾರರು ಪಕ್ಕಪಕ್ಕದಲ್ಲಿ ಬರುತ್ತಿದ್ದಾರೆ. ಒಬ್ಬನ ವೇಗ ೪೦, ಇನ್ನೊಬ್ಬನದು ೬೦. ಇಬ್ಬರೂ ಒಂದೇ ಸ್ಥಳದಲ್ಲಿ, ಒಂದೇ ಕ್ಷಣದಲ್ಲಿ ನಾಯಿಯನ್ನು ಕಂಡರು. ಇಬ್ಬರೂ ಸಮಾನವಾದ ಚಾತುರ್ಯದಿಂದ ಬ್ರೇಕು ಹಾ‌ಕಿದರು. ಮೊದಲನೆಯವನು ೨೭ ಮೀಟರಿನಲ್ಲಿ, ನಾಯಿಯ ಮೂಗಿನ ಮುಂದೆ ನಿಂತನು. ಅದೇ ಗೆರೆಯನ್ನು ತಲಪಿದಾಗ ಎರಡನೆಯವನ ವೇಗವೆಷ್ಟು? ಇಪ್ಪತ್ತು ಎಂದು ಅನೇಕರು ಹೇಳಿಯಾರು. ಅರುವತ್ತರಲ್ಲಿ ನಲವತ್ತು ಕಳೆದರೆ ಇಪ್ಪತ್ತಲ್ಲವೆ? ನಿಜವಾದ ಉತ್ತರ ಸುಮಾರು ೫೦. ಏಕೆಂದರೆ ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ಮೇಲಾಗಿ ಎರಡನೆಯವನು ಬ್ರೇಕು ಹಾಕುವ ಮುನ್ನವೇ ೧೭ ಮೀಟರನ್ನು ಕಳೆದುಕೊಂಡಿದ್ದಾನೆ. ಒಬ್ಬನಿಗೆ ಎದೆ ಬಡಿತ ಮಾತ್ರ ಹೆಚ್ಚಿತು. ಇನ್ನೊಬ್ಬನು ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆದನು. ನಾಯಿಯೂ ಉಳಿಯಲಿಲ್ಲ, ಸವಾರನೂ ಉಳಿದನೆಂದು ಹೇಳುವಂತಿಲ್ಲ. ಅಡ್ಡಬಂದದ್ದು ಮಗುವಾಗಿದ್ದರೂ ಲೆಕ್ಕದಲ್ಲಿ ವ್ಯತ್ಯಾಸವೇನೂ ಆಗುತ್ತಿರಲಿಲ್ಲ.

ಆದಕಾರಣ ಮಾಡತಕ್ಕದ್ದಿಷ್ಟು. ಮಳೆ ಬಿದ್ದೊಡನೆ, ಅದರಲ್ಲೂ ಊರು ಸಮೀಪಿಸಿದಾಗ, ವೇಗವನ್ನು ಮೂರರಲ್ಲೊಂದು ಪಾಲು ಇಳಿಸಬೇಕು. ಬ್ರೇಕಿನ ಕೆಲಸವನ್ನು ತಿರುವಿಗೆ ಮುಂಚೆಯೇ, ನೇರದಾರಿಯಲ್ಲಿ ಮುಗಿಸಿಕೊಳ್ಳಬೇಕು. ಪ್ರಾಣಿ ಅಡ್ಡಬಂದರೆ ಗಾಡಿಯನ್ನು ನೆಟ್ಟಗೆ ಹಿಡಿದು ಎರಡೂ ಬ್ರೇಕುಗಳನ್ನು ಒಟ್ಟಿಗೆ, ಎಳೆದು ಕಟ್ಟಿದಂತಲ್ಲದೆ ಒತ್ತುತ್ತ ಹೋಗಬೇಕು. ಬ್ರೇಕನ್ನೂ ಹಿಡಿದು ಹ್ಯಾಂಡಲನ್ನೂ ತಟ್ಟನೆ ಹೊರಳಿಸುವವನು ಒಂದೇ ಗಂಟಿನಿಂದ ಎರಡು ಸಾಲ ತೀರಿಸಲು ಹೊರಟವನು. ಕಣ್ಣು ನಾಯಿಯ ಮೇಲೆ ನೆಡದೆ ತೆರವಾಗಿರುವ ದಾರಿಯ ಮೇಲಿರಲಿ. ಟೈರಿನ ಗೆರೆಗಳನ್ನೂ ಗಾಳಿಯನ್ನೂ ಮಳೆಗಾಲಕ್ಕೆ ಮುನ್ನ ನೋಡಿಕೊಳ್ಳುವುದು ಮನೆಯ ಸೂರಿನ ಹೆಂಚು ನೋಡಿಕೊಳ್ಳುವಷ್ಟೇ ಅವಶ್ಯ.

ಈ ಉಪದೇಶವನ್ನೆಲ್ಲ ಕೈಪಿಡಿಯೊಂದರಲ್ಲಿ ಓದಿದರೆ ಎಷ್ಟು ಜನ ನೆನಪಿಟ್ಟಾರು? ಕಥೆಯ ಶಕ್ತಿ ಇರುವುದು ಇಲ್ಲಿಯೇ. ಮಳೆಯಲ್ಲಿ ಗೆಲ್ಲುವವನು ಸಾಹಸಿಯಲ್ಲ, ಮುಂದಾಗುವುದನ್ನು ಕಂಡು ತಾಳ್ಮೆಯಿಂದ ನಡೆಯುವವನು ಎಂಬುದನ್ನು ಒಂದು ಮುದಿನಾಯಿಯ ಬಾಯಿಂದ ಮುನ್ನೂರು ಪುಟಗಳ ಉದ್ದಕ್ಕೂ ಕೇಳಿದವನ ಬಲಗೈ, ಮೊದಲ ಹನಿ ಬಿದ್ದೊಡನೆ, ತಾನಾಗಿಯೇ ಸಡಿಲವಾದೀತು. ಮೋಟಾರುಪ್ರಿಯರು ಈ ಪುಸ್ತಕವನ್ನು ಓದಲಿ. ಓದಿ, ನಾಯಿಯನ್ನು ಸಾಕಿದ ಗೆಳೆಯರಿಗೆ ಕೊಡಲಿ.